ಬ್ರೇನ್ ಮಾದರಿಯಲ್ಲಿ ವಿಶ್ವಸ್ಥಿರಾಂಕದ ಸಮಸ್ಯೆ ಬಗೆಹರಿಯಿತೇ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ತೀರ್ಥಹಳ್ಳಿ):
ಸೆಮಿನಾರಿಗಾಗಿ ರ‍್ಯಾಂಡಲ್ ಮತ್ತು ಸುಂದ್ರಮ್ 1999ರಲ್ಲಿ ಮಂಡಿಸಿದ ಒಂಟಿ ಬ್ರೇನ್ ಮಾದರಿಯನ್ನು ಓದುತ್ತಿದ್ದೇನೆ; ಅದರಲ್ಲಿ ನಮ್ಮ ಮೂರು ಆಯಾಮದ ಜಗತ್ತು, ನಾಲ್ಕು ಆಯಾಮದ ದೇಶದ (ಸ್ಪೇಸ್) ಒಳಗಿನ ಒಂದು ತೆಳುಪೊರೆ, ಅಂದರೆ ಬ್ರೇನ್. ದೇಶಕ್ಕೆ ನಾಲ್ಕು ಆಯಾಮಗಳಿದ್ದರೆ ಗುರುತ್ವವು ದೂರದ ಘನಕ್ಕೆ ವಿಲೋಮವಾಗಬೇಕಿತ್ತಲ್ಲವೇ? ಬ್ರೇನಿನ ಮೇಲೆ ವಿಶ್ವಸ್ಥಿರಾಂಕ (ಖಾಲಿ ದೇಶದ್ದೇ ಶಕ್ತಿಯ ಅಳತೆ) ಸೊನ್ನೆಯಾಗುವುದರಿಂದ, ಅದು ಲೆಕ್ಕಕ್ಕಿಂತ ಅಷ್ಟೊಂದು ಚಿಕ್ಕದೇಕೆ ಎಂಬ ಹಳೆಯ ಸಮಸ್ಯೆ ಬಗೆಹರಿಯಿತು ಎನ್ನಬಹುದೇ?

ಉತ್ತರ (ನಿವೃತ್ತ ಉಪನ್ಯಾಸಕ, ಸಾಗರ):
ಮೊದಲನೆಯದಕ್ಕೆ ಉತ್ತರ ಸುಲಭ. ಬ್ರೇನಿನ ಹೊರಗಿನ ಬಲ್ಕ್‌ನಲ್ಲಿ ವಿಶ್ವಸ್ಥಿರಾಂಕ ಋಣಾತ್ಮಕವಾಗಿರುವುದರಿಂದ ಅಲ್ಲಿನ ದೇಶಕಾಲ ಬಾಗಿರುತ್ತದೆ. ಗುರುತ್ವವನ್ನು ಸಾಗಿಸುವ, ದ್ರವ್ಯರಾಶಿಯಿಲ್ಲದ ಕಣವಾದ ಗ್ರಾವಿಟಾನಿನ ಅಲೆ ಬ್ರೇನಿನಿಂದ ದೂರ ಸರಿದಂತೆ ಘಾತೀಯವಾಗಿ ಕ್ಷೀಣಿಸುತ್ತದೆ. ಹೀಗಾಗಿ ಆ ಹೆಚ್ಚುವರಿ ಆಯಾಮ ಅನಂತವಾಗಿದ್ದರೂ ಗುರುತ್ವ ಬ್ರೇನಿನ ಬಳಿಯೇ ಉಳಿಯುತ್ತದೆ. ಬಲ್ಕ್‌ನ ವಕ್ರತಾ ತ್ರಿಜ್ಯಕ್ಕಿಂತ ಬಹಳ ದೂರದಲ್ಲಿ ನ್ಯೂಟನ್ನನ ನಿಯಮಕ್ಕೆ ಬೇಕಾಗುವ ತಿದ್ದುಪಡಿ, ಆ ತ್ರಿಜ್ಯವನ್ನು ದೂರದಿಂದ ಭಾಗಿಸಿ ಬಂದುದರ ವರ್ಗದಷ್ಟೇ ಚಿಕ್ಕದು.

ಎರಡನೆಯದಕ್ಕೆ ಮಾತ್ರ ನಾನು ಹೌದೆನ್ನಲಾರೆ. ಬ್ರೇನಿನ ವಿಶ್ವಸ್ಥಿರಾಂಕದಲ್ಲಿ ಎರಡು ಪಾಲುಗಳಿವೆ: ಬಲ್ಕ್‌ನ ಋಣಾತ್ಮಕ ಪಾಲು, ಬ್ರೇನಿನ ಬಿಗಿತದ (ಅದರದ್ದೇ ಶಕ್ತಿ ಸಾಂದ್ರತೆಯ) ವರ್ಗದಿಂದ ಬರುವ ಧನಾತ್ಮಕ ಪಾಲು. ಎರಡೂ ಸರಿಸಮವಾದರೆ ಮಾತ್ರ ಸೊನ್ನೆ. ಅಡಿಕೆ ಮಂಡಿಯಲ್ಲಿ ಚೀಲಕ್ಕೆ ಒಪ್ಪುವ ತೂಕದ ಬಟ್ಟನ್ನೇ ಹುಡುಕಿ ಇಟ್ಟು, ತಕ್ಕಡಿ ತಾನಾಗಿಯೇ ಸಮ ನಿಂತಿತು ಎಂದರೆ ಬೆಳೆಗಾರ ಒಪ್ಪುತ್ತಾನೆಯೇ? ನಿರ್ವಾತ ಶಕ್ತಿಯ ಕ್ವಾಂಟಮ್ ತಿದ್ದುಪಡಿಗಳು ಬಿಗಿತವನ್ನು ಕೊಂಚ ಕದಲಿಸಿದರೂ ಮುಳ್ಳು ವಾಲುತ್ತದೆ: ಬಿಗಿತ ಹೆಚ್ಚಾದರೆ ವಿಶ್ವಸ್ಥಿರಾಂಕ ಧನಾತ್ಮಕ, ಕಡಿಮೆಯಾದರೆ ಋಣಾತ್ಮಕ.

ಉತ್ತರ (ಸಂಶೋಧಕ, ಶಿವಮೊಗ್ಗ):
ಸರ್ ಹೇಳಿದ್ದನ್ನು ಒಪ್ಪುತ್ತೇನೆ; ಆದರೆ ಎರಡು ಪಾಲುಗಳ ಆ ಹೊಂದಾಣಿಕೆಯನ್ನು ತಪ್ಪಿಸುವ ಯತ್ನಗಳೂ ನಡೆದಿವೆ. 2000ದಲ್ಲಿ ಎರಡು ತಂಡಗಳು ಬಲ್ಕ್‌ಗೆ ಒಂದು ಸ್ಕೇಲಾರ್ ಕ್ಷೇತ್ರವನ್ನು (ಪ್ರತಿ ಬಿಂದುವಿನಲ್ಲೂ ದಿಕ್ಕಿಲ್ಲದ ಒಂದು ಬೆಲೆಯುಳ್ಳದ್ದು) ಸೇರಿಸಿ, ಬಿಗಿತ ಎಷ್ಟೇ ಇದ್ದರೂ ಬ್ರೇನ್ ಸಪಾಟಾಗಿಯೇ (ಅಂದರೆ ವಿಶ್ವಸ್ಥಿರಾಂಕ ಸೊನ್ನೆಯಾಗಿಯೇ) ಉಳಿಯುವ ಪರಿಹಾರಗಳನ್ನು ತೋರಿಸಿದವು. ಆದರೆ ಅಲ್ಲಿ ಬ್ರೇನಿನಿಂದ ಪರಿಮಿತ ದೂರದಲ್ಲಿ ಬೆತ್ತಲೆ ಸಿಂಗ್ಯುಲಾರಿಟಿ (ಯಾವ ಮರೆಯೂ ಇಲ್ಲದೆ ವಕ್ರತೆ ಅನಂತವಾಗುವ ಜಾಗ) ಎದುರಾಗುತ್ತದೆ. ಅದನ್ನು ಮತ್ತೊಂದು ಬ್ರೇನಿನಿಂದ ಮುಚ್ಚಹೊರಟರೆ ಬಿಟ್ಟೆವೆಂದುಕೊಂಡ ಹೊಂದಾಣಿಕೆಯೇ ಮರಳಿ ಬರುತ್ತದೆ. ಪ್ರಯೋಗದ ಮಾತಿಗೆ ಬಂದರೆ, ವಾಷಿಂಗ್ಟನ್ ವಿಶ್ವವಿದ್ಯಾಲಯದ ತಿರುಚು ತಕ್ಕಡಿ (ಎಳೆಯ ತಿರುಚಿನಿಂದ ಸೂಕ್ಷ್ಮ ಬಲ ಅಳೆಯುವ ಸಾಧನ) 2020ರ ಹೊತ್ತಿಗೆ ವಿಲೋಮ ವರ್ಗ ನಿಯಮವನ್ನು 52 ಮೈಕ್ರೋಮೀಟರ್‌ವರೆಗೆ ಪರೀಕ್ಷಿಸಿತು, ವ್ಯತ್ಯಾಸ ಸಿಗಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬಿಗಿತ ಬರುವುದು ವರ್ಗವಾಗಿಯೋ? ನನ್ನ ಟಿಪ್ಪಣಿಯಲ್ಲಿ ಬರೀ ಬಿಗಿತವೆಂದೇ ಬರೆದುಕೊಂಡಿದ್ದೆ.

ಉತ್ತರ (ಸಾಗರ):
ವರ್ಗವೇ, ತಾಯಿ. ಬ್ರೇನಿನ ಫ್ರೀಡ್‌ಮನ್ ಸಮೀಕರಣದಲ್ಲಿ (ವಿಶ್ವ ಹಿಗ್ಗುವ ವೇಗವನ್ನು ಹೇಳುವುದು) ದ್ರವ್ಯ-ಶಕ್ತಿಯ ಸಾಂದ್ರತೆಯ ಜೊತೆಗೆ ಸಾಂದ್ರತೆಯ ವರ್ಗವೂ ಕಾಣಿಸಿಕೊಳ್ಳುವುದು ಅದರಿಂದಲೇ. ವಿಶ್ವದ ಆರಂಭದಲ್ಲಿ, ಸಾಂದ್ರತೆ ಬಿಗಿತವನ್ನು ಮೀರಿದ್ದಾಗ, ಆ ಪದದ್ದೇ ಮೇಲುಗೈ. ಬೋರ್ಡಿನ ಮೇಲೆ ಅಲ್ಲಿಂದಲೇ ಶುರುಮಾಡಿ.