ಮಲೆನಾಡಿನ ಮಳೆಗೆ ಗಾರೆಯಿಲ್ಲದ ಕಾಂಕ್ರೀಟ್ ಗೋಡೆ, ದೊಡ್ಡ ಗಾಜು: ಕಟ್ಟಿಸಿದವರು ಯಾರಾದ್ರೂ ಇದ್ದೀರಾ?

ತೋಟದಂಚಿನವ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ನಮ್ಮ ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ ಮನೆ ಕಟ್ಟಿಸಬೇಕು ಅಂತಿದ್ದೇವೆ. ಬೆಂಗಳೂರಿನ ಆರ್ಕಿಟೆಕ್ಟ್ ಒಬ್ಬರು ನಕ್ಷೆ ಕೊಟ್ಟಿದ್ದಾರೆ. ಗಾರೆ ಇಲ್ಲ, ಬಣ್ಣ ಇಲ್ಲ. ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯುವ ಹಲಗೆಯ ಅಚ್ಚು) ಬಿಚ್ಚಿದಾಗ ಗೋಡೆ ಹೇಗೆ ಬರುತ್ತದೋ ಹಾಗೇ. ಪಶ್ಚಿಮಕ್ಕೆ, ಕಣಿವೆ ಕಾಣುವ ಕಡೆ, ಹತ್ತು ಅಡಿ ಎತ್ತರದ ಗಾಜು. ಮೇಲೆ ಮಟ್ಟಸ ತಾರಸಿ. ನನಗಂತೂ ಬಹಳ ಹಿಡಿಸಿದೆ.

ಅಪ್ಪಯ್ಯ ನಕ್ಷೆ ನೋಡಿ "ಇದಕ್ಕೆ ಸೂರು ಎಲ್ಲಿದೆ?" ಅಂತ ಕೇಳಿ ಎದ್ದು ಹೋದರು. ಕಾಂಟ್ರಾಕ್ಟರ್ ಹೇಳುವುದು ಬೇರೆ: "ಇಟ್ಟಿಗೆ ಗೋಡೆ ಕಟ್ಟಿ, ಗಾರೆ ಮಾಡಿ, ಮೇಲೆ ಕಾಂಕ್ರೀಟಿನ ಹಾಗೆ ಕಾಣುವ ಟೆಕ್ಸ್ಚರ್ ಹೊಡೆಯೋಣ, ಯಾರಿಗೂ ಗೊತ್ತಾಗಲ್ಲ." ಖರ್ಚೂ ಕಡಿಮೆಯಂತೆ. ನಿಜವಾದ ಕಾಂಕ್ರೀಟ್ ಗೋಡೆಗೆ ಅಷ್ಟು ದುಡ್ಡು ಹಾಕುವುದು ಸರಿಯಾ? ನಮ್ಮ ಕಡೆಯ ಕೆಲಸಗಾರರಿಂದ ಆಗುತ್ತದಾ? ಗಾಜಿನ ಬಗ್ಗೆಯೂ ಹೇಳಿ.

ಶಿವಮೊಗ್ಗ ಪೇಟೆಯವ:
ಟೆಕ್ಸ್ಚರ್ ಹೊಡೆಸಿ ಸುಮ್ಮನಾಗಿ ಸರ್. ನಮ್ಮ ಮನೆಯ ಮುಂಭಾಗಕ್ಕೆ ಅದನ್ನೇ ಮಾಡಿಸಿದ್ದು, ಚೆನ್ನಾಗಿಯೇ ಇದೆ.

ಸೆಂಟ್ರಿಂಗ್ ಹಳಬ:
ಪೇಟೆಯವರೇ, ಶಿವಮೊಗ್ಗದ ಮಳೆ ಬೇರೆ, ಆಗುಂಬೆ ದಾರಿಯ ಮಳೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟುತ್ತದೆ. ಅಲ್ಲಿ ಗೋಡೆ ಜೂನ್‌ನಲ್ಲಿ ಒದ್ದೆಯಾದರೆ ಒಣಗುವುದು ದೀಪಾವಳಿ ಹೊತ್ತಿಗೆ. ಒಳಗಿನ ಥಂಡಿ ಹೊರಗೆ ಬರಲು ನೋಡುತ್ತದೆ, ಬಣ್ಣದ ಪದರ ಬಿಡುವುದಿಲ್ಲ. ಆಮೇಲೆ ಗುಳ್ಳೆ ಏಳುತ್ತದೆ, ಸಿಪ್ಪೆ ಕಳಚುತ್ತದೆ.

ತೋಟದಂಚಿನವರೇ, ನಾನು ಸೈಟ್ ಸೂಪರ್‌ವೈಸರ್ ಆಗಿ ಇದೇ ಕೆಲಸ ಮಾಡಿಕೊಂಡು ಬಂದವನು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಗೋಡೆ ಚೆನ್ನಾಗಿ ಬರುವುದು ಸಿಮೆಂಟಿನಿಂದ ಅಲ್ಲ, ಬಡಗಿಯಿಂದ. ಕಾಂಕ್ರೀಟ್ ಅಂದರೆ ಹಲಸಿನೆಲೆ ಕೊಟ್ಟೆಯಲ್ಲಿ ಬೆಂದ ಕಡುಬಿದ್ದ ಹಾಗೆ, ಎಲೆಯ ನರವೆಲ್ಲ ಮೈಮೇಲೆ ಮೂಡುತ್ತದೆ. ಅಚ್ಚಿನ ಪ್ಲೈವುಡ್ ಸಂದಿ ಕಾಗದದಷ್ಟು ಬಿಟ್ಟಿದ್ದರೂ ಅಲ್ಲಿ ಸಿಮೆಂಟ್ ಹಾಲು ಸೋರಿ ಜಲ್ಲಿ ಕಾಣುತ್ತದೆ. ಗಾರೆ ಮಾಡುವ ಮನೆಯಲ್ಲಿ ಅದನ್ನು ಮುಚ್ಚಬಹುದು. ಇಲ್ಲಿ ತೇಪೆ ಹಾಕಿದರೆ ತೇಪೆಯ ಬಣ್ಣವೇ ಬೇರೆ, ಸಾಯುವವರೆಗೂ ಅದು ಕಣ್ಣಿಗೆ ಹೊಡೆಯುತ್ತದೆ. ಜಪಾನಿನ ಆರ್ಕಿಟೆಕ್ಟ್ ತಡಾವೊ ಆಂಡೊ ಅವರ ಗೋಡೆಗಳ ಫೋಟೋ ನೋಡಿರುತ್ತೀರಿ. ಸಾಲಾಗಿ ಕಾಣುವ ಆ ಗುಂಡು ತೂತುಗಳು ಶೀಟುಗಳನ್ನು ಬಿಗಿದ ಟೈ ರಾಡಿನವು. ಅವು ಎಲ್ಲಿ ಬರಬೇಕು ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ. ನಿಮ್ಮ ಆರ್ಕಿಟೆಕ್ಟ್ ಹತ್ತಿರ ಪ್ಲೈವುಡ್ ಶೀಟ್ ಕೂಡಿಸುವ ನಕ್ಷೆ ಇದೆಯಾ ಕೇಳಿ. ಇಲ್ಲ ಅಂದರೆ ಅವರು ಬರೆದಿರುವುದು ಬರೀ ಚಿತ್ರ.

ಸಿಮೆಂಟ್ ವಿಷಯ. ನಮ್ಮ ಕಡೆ ಮನೆಗೆ ಎಂ20 ಕಾಂಕ್ರೀಟ್ ಹಾಕಿ ಮುಗಿಸುತ್ತಾರೆ (ಎಂ ಮುಂದಿನ ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟ್ ಗಟ್ಟಿ). ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 (2000ರದ್ದು) ಓದಿದರೆ, ಜೋರು ಮಳೆಗೆ ಮೈಯೊಡ್ಡಿ ನೆನೆದು ಒಣಗುವ ಕಾಂಕ್ರೀಟಿಗೆ ಕನಿಷ್ಠ ಎಂ30, ಕಬ್ಬಿಣದ ಮೇಲೆ 45 ಮಿ.ಮೀ. ಕವರ್, ಅಂದರೆ ಅಷ್ಟು ದಪ್ಪದ ಕಾಂಕ್ರೀಟ್ ಹೊದಿಕೆ, ಬೇಕು. ನಿಮ್ಮ ಜಾಗ ಅದೇ ಗುಂಪಿಗೆ ಸೇರುತ್ತದೆ, ಅನುಮಾನವೇ ಬೇಡ. ಕವರ್ ಕಡಿಮೆಯಾದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟನ್ನು ಒಡೆದು ಹೊರಗೆ ಬರುತ್ತದೆ. ಕಬ್ಬಿಣ ಕಟ್ಟುವ ಬೈಂಡಿಂಗ್ ವೈರಿನ ತುದಿಗಳನ್ನೂ ಒಳಕ್ಕೆ ಮಡಚಿಸಿ. ಒಂದು ತುಂಡು ಶೀಟಿಗೆ ತಾಗಿದ್ದರೂ ಮೊದಲ ಮಳೆಗಾಲಕ್ಕೇ ಗೋಡೆಯಲ್ಲಿ ಕಂದು ಗೆರೆ ಇಳಿಯುತ್ತದೆ.

ಶೀಟಿಗೆ ಸುಟ್ಟ ಎಂಜಿನ್ ಆಯಿಲ್ ಹಚ್ಚುವುದು ನಮ್ಮವರ ಅಭ್ಯಾಸ. ಬೇಡವೇ ಬೇಡ, ಕಲೆ ಉಳಿಯುತ್ತದೆ. ಸಿಮೆಂಟ್ ಬ್ರಾಂಡನ್ನು ನಡುವೆ ಬದಲಿಸಬೇಡಿ, ಬೂದಿಬಣ್ಣ ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ. ಸ್ವಿಚ್ ಬೋರ್ಡ್, ಪೈಪು, ಎಸಿ ತೂತು ಎಲ್ಲವೂ ಕಬ್ಬಿಣ ಕಟ್ಟುವ ಮೊದಲೇ ತೀರ್ಮಾನ ಆಗಬೇಕು. ಆಮೇಲೆ "ಇಲ್ಲೊಂದು ಪ್ಲಗ್ ಪಾಯಿಂಟ್ ಇದ್ರೆ ಒಳ್ಳೇದಿತ್ತು" ಅಂತ ಮನೆಯವರು ಅಂದರೆ ಗೋಡೆ ಕೊರೆಯುವ ಹಾಗಿಲ್ಲ ಮಾರಾಯ್ರೆ.

ಇನ್ನು ನಿಮ್ಮ ಅಪ್ಪಯ್ಯ ಕೇಳಿದ್ದು. ಅವರು ಕೇಳಿದ್ದೇ ಸರಿ. ಸೂರಿಲ್ಲದ ಗೋಡೆಗೆ ನಮ್ಮಲ್ಲಿ ಎರಡನೇ ವರ್ಷಕ್ಕೆ ಪಾಚಿ, ಆಮೇಲೆ ಕರಿ ಪಟ್ಟೆ. ಮಟ್ಟಸ ತಾರಸಿ ಹಾಕಿಸಿ, ಸೋರಲು ಶುರುವಾದ ಮೇಲೆ ಅದರ ತಲೆಯ ಮೇಲೆ ಶೀಟಿನ ಮಾಡು ಕೂರಿಸಿದ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಎಷ್ಟಿಲ್ಲ! ತಾರಸಿಯನ್ನು ಕನಿಷ್ಠ ಮೂರಡಿ ಹೊರಚಾಚಿಸಿ, ಮೇಲೆ ಇಳಿಜಾರು ಕೊಡಿಸಿ. ಚಾಚಿದ್ದರ ಅಡಿ, ಅಂಚಿನಿಂದ ಎರಡು ಇಂಚು ಒಳಗೆ, ಉದ್ದಕ್ಕೂ ಒಂದು ಸಣ್ಣ ತೋಡು ಬಿಡಿಸಿ. ಕಾಂಕ್ರೀಟ್ ಸುರಿಯುವ ಮೊದಲು ಶೀಟಿಗೆ ಮರದ ಪಟ್ಟಿ ಹೊಡೆದರಾಯಿತು, ಖರ್ಚು ಏನೂ ಇಲ್ಲ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಹರಿದು ಬರುವುದಿಲ್ಲ. ಗೋಡೆಗೆ ಸೈಲೇನ್-ಸಿಲಾಕ್ಸೇನ್ ಅನ್ನುವ ದ್ರಾವಣ ಬಳಿಸಿ. ಅದು ನೀರನ್ನು ತಡೆಯುತ್ತದೆ, ಆವಿಯನ್ನು ಬಿಡುತ್ತದೆ. ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು.

ಕೊಪ್ಪದ ಸೊಸೆ:
ಗಾಜಿನ ಬಗ್ಗೆ ನಾನು ಹೇಳ್ತೀನಿ ಅಣ್ಣ. ನಮ್ಮ ಹಾಲಿಗೂ ಪಶ್ಚಿಮಕ್ಕೇ ಗಾಜು. ನೋಟ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳೆಗಾಳಿ ಬರುವುದೂ ಅದೇ ದಿಕ್ಕಿನಿಂದ. ಆರಿದ್ರಾ ಮಳೆಯ ಇರಿಚಲು ಕೆಳಗಿನಿಂದ ಮೇಲಕ್ಕೂ ನುಗ್ಗುತ್ತದೆ. ಸರಿಯುವ ಬಾಗಿಲಾದರೆ ಕೆಳಗಿನ ಟ್ರ್ಯಾಕಿನಲ್ಲಿ ನೀರು ಹೊರಹೋಗುವ ತೂತು ಇದೆಯಾ ನೋಡಿ, ಅದಕ್ಕೆ ಕಸ ಕಟ್ಟದ ಹಾಗೆ ನೋಡಿಕೊಳ್ಳಿ. ನೆಲಕ್ಕಿಂತ ಹೊರಗಿನ ಜಗುಲಿ ತಗ್ಗಾಗಿರಲಿ. ನಾವು ತೆರೆಯದ ದೊಡ್ಡ ಗಾಜು ನಡುವೆ ಇಟ್ಟು, ತೆರೆಯುವ ಕಿಟಕಿಗಳನ್ನು ಪಕ್ಕದ ಗೋಡೆಗಳಿಗೆ ಕೊಟ್ಟಿದ್ದೇವೆ. ಗಾಳಿಯೂ ಆಡುತ್ತದೆ, ನೀರೂ ಬರಲ್ಲ.

ಟಫನ್ಡ್ ಗಾಜನ್ನು (ಕಾಯಿಸಿ ಗಟ್ಟಿ ಮಾಡಿದ ಗಾಜು) ಒಮ್ಮೆ ಕಾಯಿಸಿದ ಮೇಲೆ ಕತ್ತರಿಸಲು ಬರುವುದಿಲ್ಲ, ತೂತು ಕೊರೆಯಲೂ ಆಗಲ್ಲ. ಹಾಗಾಗಿ ಕಾಂಕ್ರೀಟ್ ಕೆಲಸ ಮುಗಿದು, ಫ್ರೇಮ್ ಕೂತ ಮೇಲೆ ಅಳತೆ ಕೊಡಿ. ನಕ್ಷೆಯ ಅಳತೆ ನಂಬಬೇಡಿ. ತಲೆಯ ಮೇಲೆ ಎಲ್ಲಾದರೂ ಗಾಜು ಬಂದರೆ ಲ್ಯಾಮಿನೇಟೆಡ್ ಹಾಕಿಸಿ, ಒಡೆದರೂ ಒಳಗಿನ ಪದರಕ್ಕೆ ಅಂಟಿಕೊಂಡಿರುತ್ತದೆ. ಮರದ ಫ್ರೇಮ್ ಆಸೆ ಇದ್ದರೆ ಒಳಗಡೆಗೆ ಇರಲಿ, ಹೊರಗಡೆಗೆ ಅಲ್ಯೂಮಿನಿಯಂ. ಮರ ಮಳೆಗಾಲದಲ್ಲಿ ಉಬ್ಬಿ ಹಿಡಿದುಕೊಳ್ಳುತ್ತದೆ. ಮಾರ್ಚ್ ತಿಂಗಳ ಸಂಜೆ ಬಿಸಿಲು ಒಂದು ಕಾಟವೇ, ಪರದೆಗೂ ದುಡ್ಡು ಎತ್ತಿಡಿ. ಮೊದಲ ಮಳೆ ಬಿದ್ದ ರಾತ್ರಿ ದೀಪ ಹಾಕಿದರೆ ರೆಕ್ಕೆಯ ಹುಳುಗಳೆಲ್ಲ ನಿಮ್ಮ ಗಾಜಿಗೇ! ಬೆಳಗ್ಗೆ ಗುಡಿಸುವವರು ಯಾರು ಅಂತ ಈಗಲೇ ಮಾತಾಡಿಕೊಳ್ಳಿ.

ತೋಟದಂಚಿನವ:
ಇಬ್ಬರಿಗೂ ಧನ್ಯವಾದ. ಸೂರಿನ ವಿಷಯ ಅಪ್ಪಯ್ಯನಿಗೆ ಓದಿ ಹೇಳಿದೆ, ನನಗಿಂತ ಜಾಸ್ತಿ ಖುಷಿ ಅವರಿಗೇ ಆಯ್ತು. ಹಳಬರೇ, ಬೆಂಗಳೂರಿಂದಲೇ ಬಡಗಿಗಳನ್ನು ಕರೆಸಬೇಕಾ? ಕೆಲಸ ಯಾವಾಗ ಶುರು ಮಾಡುವುದು ಒಳ್ಳೆಯದು?

ಸೆಂಟ್ರಿಂಗ್ ಹಳಬ:
ಬೆಂಗಳೂರಿನವರೇ ಬೇಕು ಅಂತಿಲ್ಲ. ಹಳೇ ಮನೆಗಳ ಮಾಡಿಗೆ ಪಕಾಸು, ರೀಪು ಕೂರಿಸಿ ಕೈ ಪಳಗಿದ ಒಬ್ಬ ಬಡಗಿ ಸಿಕ್ಕರೆ ಸಾಕು. ಮೊದಲು ಸೆಪ್ಟಿಕ್ ಟ್ಯಾಂಕ್ ಗೋಡೆಯನ್ನು ಅದೇ ಪ್ಲೈವುಡ್, ಅದೇ ಮಿಶ್ರಣದಲ್ಲಿ ಹಾಕಿಸಿ ನೋಡಿ. ಕೈ ಅಭ್ಯಾಸವೂ ಆಗುತ್ತದೆ, ತಪ್ಪಿದರೆ ಮಣ್ಣು ಮುಚ್ಚುತ್ತದೆ.

ಅಡಿಕೆ ಕೊಯ್ಲಿನ ಹೊತ್ತಿಗೆ ಆಳು ಸಿಗಲ್ಲ, ನಿಮಗೇ ಗೊತ್ತು. ಜನವರಿ ಕೊನೆಗೆ ಗೋಡೆ ಹಿಡಿದರೆ ಮೇ ಒಳಗೆ ತಾರಸಿ ಆಗಬೇಕು. ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಾದರೆ ಕ್ಯೂರಿಂಗ್, ಅಂದರೆ ನೀರುಣಿಸುವುದು, ಕನಿಷ್ಠ 10 ದಿನ, ಏಪ್ರಿಲ್‌ನಲ್ಲಿ ಬಾವಿಯ ನೀರು ಎಷ್ಟಿರುತ್ತದೆ ನೋಡಿಕೊಳ್ಳಿ. ಮತ್ತೆ, ಈ ಗೋಡೆಗಳ ಸೆಂಟ್ರಿಂಗನ್ನು ಚದರಡಿ ಲೆಕ್ಕಕ್ಕೆ ಕೊಡಬೇಡಿ, ಅವಸರದಲ್ಲಿ ಕೆಲಸ ಓಡಿಸಿಬಿಡುತ್ತಾರೆ. ದಿನಗೂಲಿ ಕೊಡಿ. ಕಾಂಟ್ರಾಕ್ಟರ್ ಒಪ್ಪದಿದ್ದರೆ ಅಷ್ಟು ಕೆಲಸ ಅವರ ಲೆಕ್ಕದಿಂದ ಹೊರಗೆ ತೆಗೆಸಿ, ಬಡಗಿಗೆ ನೀವೇ ನೇರ ಕೊಡಿ.