ಒಂದೇ ಪರಮಾಣುವಿನ ಮೂಲಕ ಕರೆಂಟ್ ಹರಿದರೆ ಬಿಸಿ ಹುಟ್ಟುವುದು ಎಲ್ಲಿ?

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ): ಮೇಡಂ, ನಮ್ಮನೆ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಸಾಕೆಟ್‌ನಲ್ಲಿ ಸಡಿಲವಾಗಿತ್ತು. ಪಿನ್ ಕಪ್ಪಾಗಿ ಸುತ್ತಲಿನ ಪ್ಲಾಸ್ಟಿಕ್ ಕರಗಿದೆ. ತಾಗುವ ಜಾಗ ಚಿಕ್ಕದಾದಷ್ಟೂ ಬಿಸಿ ಜಾಸ್ತಿ ಅಂತಾರೆ. ಎರಡು ಚಿನ್ನದ ತುದಿಗಳ ನಡುವೆ ಒಂದೇ ಪರಮಾಣು ಉಳಿಸಿ ಕರೆಂಟ್ ಹರಿಸುತ್ತಾರಂತಲ್ಲ, ಅದು ತಕ್ಷಣ ಸುಟ್ಟುಹೋಗಬೇಕು ಅಲ್ವಾ?

ಉತ್ತರ (ಭೌತಶಾಸ್ತ್ರ ಅಧ್ಯಾಪಕಿ): ಬಿಸಿಯೆಲ್ಲ ಆ ಪರಮಾಣುವಿನಲ್ಲೇ ಹುಟ್ಟಿದ್ದರೆ ಖಂಡಿತ ಸುಡುತ್ತಿತ್ತು. ಲೆಕ್ಕ ನೋಡಿ. ಅಂಥ ಜೋಡಣೆಯ ರೆಸಿಸ್ಟೆನ್ಸ್ ಸುಮಾರು 12,900 ಓಮ್. 1 ವೋಲ್ಟ್ ಕೊಟ್ಟರೆ 77 ಮೈಕ್ರೋಆಂಪಿಯರ್ ಹರಿಯುತ್ತದೆ. ಅಂದರೆ 77 ಮೈಕ್ರೋವಾಟ್ ಬಿಸಿ. ನಮಗೆ ಅದು ಏನೂ ಅಲ್ಲ. ನ್ಯಾನೋಮೀಟರಿನ (ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು) ಕಾಲು ಭಾಗದಷ್ಟಿರುವ ಪರಮಾಣುವಿಗೆ ಅದು ತಡೆಯಲಾರದಷ್ಟು.

ಎಲೆಕ್ಟ್ರಾನ್ ತನ್ನ ಶಕ್ತಿಯನ್ನು ನಡುಗುವ ಪರಮಾಣುಗಳಿಗೆ ಬಿಟ್ಟುಕೊಟ್ಟಾಗ ಮಾತ್ರ ಬಿಸಿ ಹುಟ್ಟುತ್ತದೆ. ಚಿನ್ನದಲ್ಲಿ ಮಾಮೂಲಿ ತಾಪಮಾನದಲ್ಲಿ ಎಲೆಕ್ಟ್ರಾನ್ ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಸುಮಾರು 40 ನ್ಯಾನೋಮೀಟರ್ ಓಡುತ್ತದೆ. 40 ಮೀಟರಿಗೊಂದು ಹಂಪ್ ಇರುವ ರಸ್ತೆಯಲ್ಲಿ ಗೇಣಗಲದ ಚರಂಡಿ ದಾಟಿದ ಹಾಗೆ! ಚರಂಡಿಯ ಮೇಲೆ ಹಂಪ್ ಸಿಗುವುದು ಬಹಳ ಅಪರೂಪ. ಶಕ್ತಿ ಖರ್ಚಾಗುವುದು ಆಚೀಚಿನ ಚಿನ್ನದ ತುದಿಗಳ ಒಳಗೆ. ಅಲ್ಲಿ ಕೋಟ್ಯಂತರ ಪರಮಾಣುಗಳಿವೆ, ಬಿಸಿ ಹರಡಿಹೋಗುತ್ತದೆ. ನಡುವೆ ಉಳಿಯುವುದು ಸ್ವಲ್ಪವೇ. ಆದರೂ ವೋಲ್ಟೇಜ್ ಏರಿಸುತ್ತಾ ಹೋದರೆ ಆ ಸ್ವಲ್ಪಕ್ಕೇ ಪರಮಾಣು ಜಾಗ ಬಿಟ್ಟು ಕದಲಿ, ಜೋಡಣೆ ಕಡಿದುಹೋಗುತ್ತದೆ.

ಪ್ರಶ್ನೆ: ಹಾಗಾದರೆ ಎರಡೂ ತುದಿಗೆ ಅರ್ಧರ್ಧ ಬಿಸಿನಾ?

ಉತ್ತರ: ಒಳ್ಳೇ ಪ್ರಶ್ನೆ. ಇದನ್ನು ಅಳೆದೇ ನೋಡಿದ್ದಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಮೋದ್ ರೆಡ್ಡಿ ಅವರ ತಂಡ ಜೋಡಣೆಯ ಒಂದು ಬದಿಯಾಗಿದ್ದ ಸೂಜಿಯ ತುದಿಯಲ್ಲೇ ಪುಟಾಣಿ ಥರ್ಮೋಕಪಲ್ (ತಾಪಮಾನ ಅಳೆಯುವ ಸಾಧನ) ಕೂರಿಸಿತ್ತು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಬರೀ ಚಿನ್ನದ ಪರಮಾಣುಗಳಿದ್ದಾಗ ಬಿಸಿ ಎರಡೂ ಕಡೆ ಸಮವಾಗಿತ್ತು. ನಡುವೆ ಸಾವಯವ ಅಣು ಇಟ್ಟಾಗ ಒಂದು ಕಡೆ ಜಾಸ್ತಿ. ಕರೆಂಟಿನ ದಿಕ್ಕು ತಿರುಗಿಸಿದರೆ ಹಂಚಿಕೆಯೂ ತಿರುಗಿತು. ಇದು ನನಗೆ ಈಗಲೂ ರೋಮಾಂಚನ ಕೊಡುವ ಪ್ರಯೋಗ.

ಕಾರಣ ಹೀಗಿದೆ. ಯಾವ ಮಟ್ಟದ ಶಕ್ತಿಯ ಎಲೆಕ್ಟ್ರಾನ್ ಸುಲಭವಾಗಿ ದಾಟಬಹುದು ಅನ್ನುವುದನ್ನು ಅಣುವೇ ತೀರ್ಮಾನಿಸುತ್ತದೆ. ಮೇಲಿನ ಮಟ್ಟದವು ದಾಟಿದರೆ ಆಚೆ ಹೋಗಿ ಇಳಿಯುತ್ತವೆ, ಬಿಸಿ ಆಚೆ. ಕೆಳಗಿನ ಮಟ್ಟದವು ದಾಟಿದರೆ ಹೊರಟ ಕಡೆಯೇ ಖಾಲಿ ಜಾಗ ಉಳಿಯುತ್ತದೆ. ಮೇಲಿನವು ಅದಕ್ಕೆ ಇಳಿಯುವಾಗ ಬಿಸಿ ಈಚೆ. ಒಟ್ಟು ಮೊತ್ತ ಮಾತ್ರ ಯಾವಾಗಲೂ ವೋಲ್ಟೇಜ್ ಗುಣಿಸು ಕರೆಂಟ್.

ಪ್ರಶ್ನೆ: ನಮ್ಮ ಸಾಕೆಟ್‌ನಲ್ಲಿ ಯಾಕೆ ಹೀಗಾಗಲ್ಲ ಮೇಡಂ?

ಉತ್ತರ: ಅಲ್ಲಿ ಪಿನ್ ತಾಗುವ ಚುಕ್ಕೆಗಳು ಸಾವಿರಾರು ಪರಮಾಣುಗಳಷ್ಟು ಅಗಲ, ಮೇಲೆ ಕಿಲುಬು ಬೇರೆ. ಎಲೆಕ್ಟ್ರಾನ್ ಅಲ್ಲೇ ಲೆಕ್ಕವಿಲ್ಲದಷ್ಟು ಸಲ ಡಿಕ್ಕಿ ಹೊಡೆಯುತ್ತದೆ. ಆ ಸಾಕೆಟ್ ಇನ್ನು ಬಳಸಬೇಡಿ. ಮೇನ್ ಆಫ್ ಮಾಡಿಸಿ, ಪ್ಲಗ್ ಸಾಕೆಟ್ ಎರಡನ್ನೂ ಬದಲಾಯಿಸಿ.