ಅಂತರಗಂಗೆ ಎಂದರೆ ಯಾವ ಗಿಡ?

ಕೆರೆಯಂಚಿನವ:
ನಮ್ಮೂರಿನ ಕೆರೆಯನ್ನು ಮೂರು ವರ್ಷಗಳಿಂದ ತಿಳಿನೇರಳೆ ಹೂ ಬಿಡುವ ತೇಲುಗಿಡವೊಂದು ಪೂರ್ತಿ ಮುಚ್ಚಿಕೊಂಡಿದ್ದು, ಊರವರೆಲ್ಲ ಅದನ್ನು ಅಂತರಗಂಗೆ ಎನ್ನುತ್ತಾರೆ. ಆದರೆ ನಮ್ಮ ಅಜ್ಜಿ ಔಷಧಕ್ಕೆಂದು ತರಿಸುತ್ತಿದ್ದ ಅಂತರಗಂಗೆಯಲ್ಲಿ ಹೂವೇ ಕಾಣುತ್ತಿರಲಿಲ್ಲ. ಇವೆರಡೂ ಒಂದೇ ಗಿಡವೇ? ಇದನ್ನು ತೆಗೆಸಿದರೆ ಮೊದಲಿದ್ದ ನೈದಿಲೆ ಮರಳಿ ಬಂದೀತೇ?

ಸಸ್ಯಾಸಕ್ತ:
ಎರಡೂ ಬೇರೆ. ಅಜ್ಜಿಯವರು ತರಿಸುತ್ತಿದ್ದುದು ಕೆಸುವಿನ ಕುಟುಂಬಕ್ಕೆ ಸೇರಿದ ಪಿಸ್ಟಿಯಾ ಇರಬೇಕು. ಸುತ್ತಲೂ ಹರಡಿದ ಮಖಮಲ್ಲಿನಂತಹ ಎಲೆಗಳ ನಡುವೆ ಅದರ ಪುಟ್ಟ ಹೂವನ್ನು ಹುಡುಕಿಯೇ ನೋಡಬೇಕು. ನಿಮ್ಮ ಕೆರೆಯಲ್ಲಿರುವುದು ವಾಟರ್ ಹಯಸಿಂತ್. ಎಲೆಯ ತೊಟ್ಟು ಉಬ್ಬಿ ಸ್ಪಂಜಿನಂತಿದ್ದು, ಹೂವಿನ ಮೇಲಿನ ಎಸಳಿನಲ್ಲಿ ಹಳದಿ ಮಚ್ಚೆಯಿದ್ದರೆ ಸಂಶಯವೇ ಬೇಡ. ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯ ಈ ಗಿಡ 19ನೆಯ ಶತಮಾನದ ಕೊನೆಯ ಹೊತ್ತಿಗೆ ಅಲಂಕಾರದ ಸಸ್ಯವಾಗಿ ಬಂಗಾಳಕ್ಕೆ ಬಂದಿತು. ಹಳೆಯ ಗಿಡದ ಹೆಸರು ಹೊಸದಕ್ಕೆ ಅಂಟಿಕೊಂಡದ್ದು ಬಹುಶಃ ಎರಡೂ ತೇಲುವುದರಿಂದ.

ಏರಿಯ ಮೇಲಿನವ:
ತೆಗೆಸುವ ಮೊದಲು ಕೆರೆಗೆ ಚರಂಡಿ ನೀರು ಸೇರುತ್ತಿದೆಯೇ ಎಂದು ನೋಡಿರಿ. ಸಾರಜನಕ, ರಂಜಕ ಹೇರಳವಾಗಿ ಸಿಗುವ ನೀರಿನಲ್ಲಿ ಈ ಗಿಡ ಎರಡು ವಾರಗಳಲ್ಲೇ ಇಮ್ಮಡಿಯಾಗಬಲ್ಲದು. ಜೊತೆಗೆ ಅದರ ಬೀಜಗಳು ಕೆಸರಿನಲ್ಲಿ ಹತ್ತಾರು ವರ್ಷ ಮೊಳೆಯುವ ಶಕ್ತಿ ಉಳಿಸಿಕೊಳ್ಳುವುದರಿಂದ ಒಂದು ಸಲ ತೆಗೆಸಿ ಕೈತೊಳೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಕಿತ್ತ ರಾಶಿಯನ್ನು ದಂಡೆಯಲ್ಲೇ ಬಿಟ್ಟಿದ್ದರಿಂದ ಮೊದಲ ಮಳೆಗೇ ಅರ್ಧದಷ್ಟು ಮರಳಿ ಕೆರೆ ಸೇರಿತು. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಇದನ್ನು ತಿನ್ನುವ ನಿಯೊಕೆಟಿನಾ ಎಂಬ ಮೂತಿಹುಳುವನ್ನು ಬಿಡಲಾಗಿತ್ತು. ಆ ದಾರಿ ನಿಧಾನದ್ದು.

ಸಸ್ಯಾಸಕ್ತ:
ನೈದಿಲೆಯ ವಿಷಯ: ಬೆಳಕಿಲ್ಲದೆ ಸೊರಗಿದ್ದರೂ ಗೆಡ್ಡೆಯೋ ಬೀಜವೋ ಕೆಸರಿನಲ್ಲಿ ಉಳಿದಿದ್ದರೆ ಅದು ಮತ್ತೆ ಚಿಗುರಬಹುದು, ಆದ್ದರಿಂದ ಇದೇ ನೆಪದಲ್ಲಿ ಯಂತ್ರದಿಂದ ತಳದ ಹೂಳನ್ನೆಲ್ಲ ಬಾಚಿಸಬೇಡಿರಿ. ಅಂದಹಾಗೆ, ಅಲ್ಲಿದ್ದುದು ತಾವರೆಯಲ್ಲವಷ್ಟೆ? ತಾವರೆಯ ಎಲೆಗೆ ಸೀಳಿರುವುದಿಲ್ಲ, ತೊಟ್ಟು ನಡುವಿಗೆ ಅಂಟಿರುತ್ತದೆ.

ಕೆರೆಯಂಚಿನವ:
ಎಲೆಗೆ ಸೀಳಿತ್ತು, ನೀರಿನ ಮೇಲೇ ಮಲಗಿರುತ್ತಿತ್ತು, ಬಿಳಿಯ ಹೂ ರಾತ್ರಿ ಅರಳುತ್ತಿತ್ತು, ನೈದಿಲೆಯೇ. ಬಡಾವಣೆಯ ಚರಂಡಿಯೊಂದು ಕೆರೆಗೆ ಬಂದು ಸೇರುವುದೂ ನಿಜ. ಪಂಚಾಯಿತಿಗೆ ಮೊದಲು ಅದರ ಬಗ್ಗೆಯೇ ಅರ್ಜಿ ಬರೆಯುತ್ತೇನೆ.